ಬಿಚ್ಚಿಡಬಹುದಾದ ಹಿಚ್

ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸಲು ಖಾಯಂ ಕೂರುವ ಹಿಚ್‌ಗೆ ಹನ್ನೆರಡು ಸಾವಿರ. ಬಿಚ್ಚಿಡಬಹುದಾದದ್ದಕ್ಕೆ ಹತ್ತೊಂಬತ್ತೂವರೆ. ಟ್ರೇಲರಿನ ದೀಪಗಳಿಗೆ ವೈರು ಎಳೆದು ಸಾಕೆಟ್ ಕೂರಿಸಲು ನಾಲ್ಕು ಸಾವಿರ, ಅದು ಎರಡಕ್ಕೂ ಒಂದೇ. ಮಜೂರಿ ಎರಡು ಸಾವಿರ. ಅದರಲ್ಲಿ ಮುನ್ನೂರನ್ನು ನಾನು ಚೌಕಾಸಿ ಮಾಡಿ ಇಳಿಸಿದೆ.

ಮೂವತ್ತೊಂದು ವರ್ಷ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿದವನು ನಾನು. ಗಿರಾಕಿ ಬಾಗಿಲು ದಾಟಿ ಒಳಗೆ ಬಂದರೆ ಸಾಕು, ಅವನಿಗೆ ಬೇಕಾದದ್ದು ಯಾವುದು, ಅವನು ಕೊಳ್ಳಬೇಕೆಂದು ಬಂದಿರುವುದು ಯಾವುದು ಎಂದು ಹೇಳಬಲ್ಲೆ. ಹೆಚ್ಚಿನ ಸಲ ಅವೆರಡೂ ಬೇರೆ ಬೇರೆ. ಅಂಥವರನ್ನು ಪಕ್ಕಕ್ಕೆ ಕರೆದು, "ಇದು ನಿಮಗೆ ಬೇಡ, ಕಡಿಮೆ ಬೆಲೆಯದ್ದೇ ಸಾಕು" ಎಂದು ಹೇಳಿ ಕಳಿಸಿದ್ದೂ ಉಂಟು. ಗ್ಯಾರೇಜಿನಲ್ಲಿ ಆ ದಿನ ಮಾತ್ರ ಗಿರಾಕಿಯ ಜಾಗದಲ್ಲಿ ನಾನು ನಿಂತಿದ್ದೆ.

ಐವತ್ತಾರನೆಯ ವಯಸ್ಸಿಗೆ ನಾನು ಕೊಂಡ ಮೊದಲ ಹೊಸ ಗಾಡಿ ಅದು. ಎತ್ತರದ, ಕಡುನೀಲಿ ಬಣ್ಣದ ಎಸ್‌ಯುವಿ. ಅದಕ್ಕಿಂತ ಮೊದಲು ನನ್ನ ಕೈಗೆ ಬಂದ ಗಾಡಿಗಳೆಲ್ಲ ಬೇರೆಯವರು ಓಡಿಸಿ ಸುಸ್ತು ಮಾಡಿ ಬಿಟ್ಟವು. ಮೂರು ತಿಂಗಳಾದರೂ ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದಿರಲಿಲ್ಲ. ಹೆಂಡತಿ ಹತ್ತಿ ಕೂತಾಗಲೆಲ್ಲ ಅದು ಚರಚರ ಎನ್ನುತ್ತಿತ್ತು. "ಗಾಡಿ ಕೊಂಡಿದ್ದೀರೋ, ಬಿಸ್ಕತ್ತಿನ ಪೊಟ್ಟಣ ಕೊಂಡಿದ್ದೀರೋ?" ಎಂದು ಅವಳು ಕೇಳುತ್ತಿದ್ದಳು.

ಗಾಡಿ ನೋಡಲು ಅಕ್ಕ, ಭಾವ ಬಂದರು. ಅವರದು ಸಾಣೆ ಹಿಡಿಯುವ ಕಸುಬು. ಎರಡು ಸಾಣೆ ಚಕ್ರ, ಒಂದು ಸಣ್ಣ ಜನರೇಟರ್, ಒಂದು ಮರದ ಬೆಂಚು, ಇಷ್ಟನ್ನೂ ತಗಡಿನ ಚಾವಣಿಯ ಟ್ರೇಲರ್ ಒಂದರಲ್ಲಿ ಕೂರಿಸಿಕೊಂಡು ಪ್ರತಿ ಶನಿವಾರ ಸಂತೆಗೆ ಹೋಗುತ್ತಿದ್ದರು. ಕಟುಕರ ಕತ್ತಿ, ದರ್ಜಿಗಳ ಕತ್ತರಿ, ಕ್ಷೌರದಂಗಡಿಯವರ ಸರಂಜಾಮು, ಮನೆಮನೆಯ ಚಾಕು, ಎಲ್ಲಕ್ಕೂ ಅವರೇ. ಇಪ್ಪತ್ತೆರಡು ವರ್ಷ ಆ ಟ್ರೇಲರನ್ನು ಎಳೆದ ಅವರ ಹಳೆಯ ವ್ಯಾನು ಆ ತಿಂಗಳು ಗುಜರಿಗೆ ಹೋಗಿತ್ತು. ಭಾವನ ಕೈ ಕೂಡ ಸ್ವಲ್ಪ ನಡುಗಲು ಶುರುವಾಗಿತ್ತು. ಚಕ್ರದ ಮುಂದೆ ಈಗ ಅಕ್ಕ ಕೂರುತ್ತಿದ್ದಳು, ಭಾವ ಗಿರಾಕಿಗಳ ಜೊತೆ ಮಾತಾಡುತ್ತಿದ್ದರು. "ಮೊದಲಿಂದಲೂ ಹೀಗೇ ಮಾಡಬೇಕಿತ್ತು, ಅವರ ಬಾಯಿಗಿಂತ ಹರಿತವಾದ್ದು ನಮ್ಮ ಗಾಡೀಲಿ ಯಾವುದೂ ಇಲ್ಲ" ಎನ್ನುತ್ತಿದ್ದಳು ಅಕ್ಕ.

ಎಲ್ಲರೂ ಗಾಡಿಯ ಮುಂದೆ ನಿಂತು ಹೊಗಳಿದರೆ ಭಾವ ನೇರ ಹಿಂದಕ್ಕೆ ಹೋದರು. ಮೊಣಕಾಲು ಹಿಡಿದುಕೊಂಡು ಬಗ್ಗಿ ಬಂಪರಿನ ಅಡಿ ನೋಡಿದರು.

"ಮುಂದೆಲ್ಲಾ ಭರ್ಜರಿಯಾಗಿದೆ ಸಾಹುಕಾರ. ಹಿಂದೆ ಏನೂ ಇಲ್ವಲ್ಲಯ್ಯಾ?"

"ಹಿಂದೆ ಏನಿರಬೇಕು ಭಾವ?"

"ನಾನಿರಬೇಕು, ನಿನ್ನಕ್ಕ ಇರಬೇಕು, ನಮ್ಮ ಟ್ರೇಲರ್ ಇರಬೇಕು. ಒಂದು ಕೊಕ್ಕೆ ಹಾಕಿಸ್ಕೊಳ್ಳೋ. ಶನಿವಾರ ಒಂದಿನ ಎಳೆದುಕೊಂಡು ಹೋಗಿ ಬಿಡು. ಇನ್ನೇನು ಅಂಗಡೀನ ಮಗನಿಗೆ ಬಿಟ್ಟಾಯ್ತು, ಮನೇಲಿ ಕೂತು ಏನ್ ಮಾಡ್ತೀಯ?"

ಅಕ್ಕ ಗಾಡಿಯ ಬಾಗಿಲಿನ ಮೇಲಿದ್ದ ಧೂಳನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದಳು. ನಾನು ಆಗಲಿ ಎಂದೆ. ಮನಸ್ಸಿಟ್ಟೇ ಎಂದೆ, ಅದರಲ್ಲಿ ಸುಳ್ಳಿಲ್ಲ.

ಮುಂದಿನ ವಾರ ಅವರ ಅಂಗಳದಲ್ಲಿ ಟ್ರೇಲರಿನ ತೂಕ ನೋಡಿದೆವು. ಒಟ್ಟು ತೂಕ ನಾನೂರ ಎಂಬತ್ತು ಕಿಲೋ ಎಂದು ಭಾವನಿಗೆ ಗೊತ್ತಿತ್ತು. ಆದರೆ ಅದರ ಮೂತಿ ಹಿಚ್ಚಿನ ಮೇಲೆ ಎಷ್ಟು ಭಾರ ಬಿಡುತ್ತದೆ ಎನ್ನುವುದು ಮುಖ್ಯ, ಅದಕ್ಕೆ ತಕ್ಕಂಥದ್ದನ್ನೇ ಆರಿಸಬೇಕು. ಅಕ್ಕ ಒಳಗಿನಿಂದ ಮೈತೂಕ ನೋಡುವ ಯಂತ್ರ ತಂದು ನೆಲದ ಮೇಲಿಟ್ಟಳು. ಅದರ ಮೇಲೊಂದು ಮರದ ತುಂಡು ನಿಲ್ಲಿಸಿ, ತುಂಡಿನ ಮೇಲೆ ಟ್ರೇಲರಿನ ಮೂತಿ ಇಳಿಸಿದೆವು. ಮುಳ್ಳು ನಲವತ್ತೆರಡಕ್ಕೆ ನಿಂತಿತು.

"ಬಾಳ ಹಗುರ" ಎಂದರು ಭಾವ. "ನಿನ್ನಕ್ಕ ಹತ್ತಿದಾಗ ಆ ಮುಳ್ಳು ಎಲ್ಲಿ ಹೋಗ್ತದೆ ಅಂತ ಹೇಳಲಾ?"

"ಹೇಳಿ ನೋಡೋಣ. ಇವತ್ತಿನ ಊಟ ಆ ಯಂತ್ರಾನೇ ಹಾಕುತ್ತೆ" ಎಂದಳು ಅಕ್ಕ.

ಹೀಗೆ ಅಳತೆಯನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ನಾನು ಗ್ಯಾರೇಜಿಗೆ ಹೋದೆ. ಹಿಚ್ ಎಂದರೆ ಬೇರೇನಲ್ಲ. ಗಾಡಿಯ ಅಡಿಯ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿಯುವ ಒಂದು ಅಡ್ಡ ಕಂಬಿ, ಅದರಿಂದ ಹಿಂದಕ್ಕೆ ಚಾಚಿದ ಕತ್ತು, ಕತ್ತಿನ ತುದಿಗೆ ನಿಂಬೆಹಣ್ಣಿನ ಗಾತ್ರದ ಉಕ್ಕಿನ ಗುಂಡು. ಟ್ರೇಲರಿನ ಮೂತಿ ಆ ಗುಂಡಿನ ಮೇಲೆ ಕೂತು ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನವನು ಎರಡು ಬಗೆ ತಂದು ಕಲ್ಲುಹಾಸಿನ ಮೇಲಿಟ್ಟ. ಒಂದರಲ್ಲಿ ಕತ್ತು, ಗುಂಡು ಎಲ್ಲ ಒಂದೇ, ಸದಾ ಹೊರಗೇ ಇರುತ್ತದೆ. ಇನ್ನೊಂದರಲ್ಲಿ ಚೌಕ ಕೊಳವೆ ಮಾತ್ರ ಗಾಡಿಯಡಿ ಉಳಿಯುತ್ತದೆ. ಬೇಕಾದಾಗ ಗುಂಡಿನ ಕತ್ತನ್ನು ಒಳಗೆ ತೂರಿಸಿ ಅಡ್ಡಲಾಗಿ ಪಿನ್ನು ಹಾಕುವುದು, ಬೇಡವಾದಾಗ ಕಿತ್ತಿಡುವುದು.

"ಎಷ್ಟು ದಿನಕ್ಕೊಂದ್ಸಲ ಎಳೀತೀರಾ ಸಾರ್?" ಎಂದು ಕೇಳಿದ.

"ವಾರಕ್ಕೊಂದ್ಸಲ."

"ಹಾಗಾದ್ರೆ ಖಾಯಂ ಇರೋದೇ ಹಾಕಿಸ್ಕೊಳ್ಳಿ. ದುಡ್ಡೂ ಉಳಿಯುತ್ತೆ. ಬಿಚ್ಚೋದು ಕಟ್ಟೋದು ವರ್ಷಕ್ಕೆರಡು ಸಲ ಎಳೆಯೋರಿಗೆ."

ಅವನ ಮಾತು ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ನಾನೇ ಅಂಗಡಿಯಲ್ಲಿ ಕೂತಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೂ ಕಡುನೀಲಿ ಬಂಪರಿನ ಕೆಳಗಿನಿಂದ ಆ ಗುಂಡು ಹೊರಗೆ ಇಣುಕುವುದನ್ನು ಊಹಿಸಿಕೊಂಡೆ. ನೋಡಿದವರು ಇದು ಸಾಮಾನು ಎಳೆಯುವ ಗಾಡಿ ಎಂದುಕೊಳ್ಳುತ್ತಾರೆ ಅನಿಸಿತು. ಜೀವನವಿಡೀ ಸಾಮಾನು ಎಳೆಯುವ ಗಾಡಿಯಲ್ಲೇ ಓಡಾಡಿದವನು ನಾನು.

"ಯಾರಾದ್ರೂ ಮೊಣಕಾಲು ಬಡಿಸ್ಕೋತಾರಪ್ಪಾ. ಬಿಚ್ಚೋದೇ ಇರಲಿ" ಎಂದೆ.

ಅವನು ಖಾಯಂ ಹಿಚ್ಚನ್ನು ಪಕ್ಕಕ್ಕೆ ಸರಿಸಿದ. ಹೆಚ್ಚು ದುಡ್ಡು ಕೊಡುತ್ತೇನೆ ಎನ್ನುವವನ ಜೊತೆ ಯಾರೂ ಬಹಳ ಹೊತ್ತು ವಾದ ಮಾಡುವುದಿಲ್ಲ. ನನ್ನ ಗಾಡಿ ಎತ್ತರ, ಟ್ರೇಲರು ಗಿಡ್ಡ. ಅದಕ್ಕೆ ಒಂದು ಗೇಣು ಕೆಳಗೆ ಬಾಗಿದ ಕತ್ತನ್ನು ಆರಿಸಿಕೊಟ್ಟ.

ಆಮೇಲಿನ ಹದಿನಾಲ್ಕು ತಿಂಗಳ ಶನಿವಾರಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಬೆಳಿಗ್ಗೆ ಏಳಕ್ಕೆ ಅವರ ಅಂಗಳದಲ್ಲಿ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದೆ. ಭಾವ ಕೈಬೀಸಿ ದಾರಿ ತೋರಿಸುತ್ತಿದ್ದರು. ಅವರ ಕೈ ನಡುಗುವುದರಿಂದ ಎಡಕ್ಕೆ ಎನ್ನುತ್ತಿದ್ದಾರೋ ಬಲಕ್ಕೆ ಎನ್ನುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಅಕ್ಕನ ದನಿಯನ್ನೇ ನಂಬಿ ತಿರುಗಿಸುತ್ತಿದ್ದೆ. ಮೂತಿ ಗುಂಡಿನ ಮೇಲೆ ಕೂತು ಟಕ್ ಎಂದ ಮೇಲೆ ದೀಪದ ಪರೀಕ್ಷೆ. ಅಕ್ಕ ಟ್ರೇಲರಿನ ಹಿಂದೆ ನಿಂತು ಕೂಗುತ್ತಿದ್ದಳು: "ಎಡ! ಹಾಂ. ಬಲ! ಬಲ ಕಣೋ, ಮಲಗಿದ್ದೀಯಾ? ಹಾಂ. ಬ್ರೇಕ್!" ಬೀದಿಯವರಿಗೆಲ್ಲ ಅದೇ ಅಲಾರಾಂ.

ಸಂತೆಗೆ ಮುಕ್ಕಾಲು ಗಂಟೆ ದಾರಿ. ಅಕ್ಕ ನನ್ನ ಪಕ್ಕ ಕೂರುತ್ತಿದ್ದಳು. ಹಿಂದಿನ ಸೀಟಿನಲ್ಲಿ ಭಾವ ಎರಡೇ ತಿರುವಿಗೆ ಗೊರಕೆ ಹೊಡೆಯುತ್ತಿದ್ದರು. ಅವಳು ಹಳೆಯದನ್ನೆಲ್ಲ ತೆಗೆಯುತ್ತಿದ್ದಳು. ನನ್ನನ್ನು ಆರು ವರ್ಷ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಕರೆದೊಯ್ದವಳು ಅವಳು. "ನನ್ನ ಗೆಳತಿಯರೆಲ್ಲ ಚೆಂದ ಕಾಣ್ಲಿ ಅಂತ ಕ್ಯಾರಿಯರ್ ತೆಗೆಸಿಬಿಟ್ಟಿದ್ರು. ನಂದೊಂದೇ ಸೈಕಲ್ಲಿಗೆ ಕ್ಯಾರಿಯರ್ ಇದ್ದಿದ್ದು. ಅದರ ಮೇಲೆ ನೀನು, ಸುರಿಯೋ ಮೂಗು ಒರೆಸೋಕೆ ನನ್ನ ಬೆನ್ನು" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಗುವುದನ್ನು ಬಿಟ್ಟು ಬೇರೆ ಏನನ್ನೂ ಯೋಚಿಸಲಿಲ್ಲ.

ಸಂಜೆ ಟ್ರೇಲರನ್ನು ಅಂಗಳಕ್ಕೆ ತಂದು ಬಿಟ್ಟ ಕೂಡಲೇ ನಾನು ನೆಲಕ್ಕೆ ಕೂತು ಪಿನ್ನು ಕಿತ್ತು ಗುಂಡಿನ ಕತ್ತನ್ನು ಎಳೆದು ತೆಗೆಯುತ್ತಿದ್ದೆ. ಅಕ್ಕ ಸ್ಟೀಲ್ ಲೋಟದಲ್ಲಿ ಚಹಾ ಹಿಡಿದು ಕಾಯುತ್ತಿದ್ದಳು.

"ಚಹಾ ಆರಿಹೋಗುತ್ತೆ ಕಣೋ. ಅದೇನು ನಿನ್ನ ಗಾಡೀನ ಕಚ್ಚುತ್ತಾ? ಮುಂದಿನ ವಾರ ಮತ್ತೆ ಹಾಕ್ಬೇಕಲ್ಲ, ಇರಲಿ ಬಿಡು."

"ಇಲ್ಲಕ್ಕಾ, ಯಾರಿಗಾದ್ರೂ ತಾಗುತ್ತೆ."

ನನ್ನ ಕೈಗೆಲ್ಲ ಗ್ರೀಸು ಮೆತ್ತಿಕೊಳ್ಳುವುದನ್ನು ನೋಡಿ ಅವಳು ನಲ್ಲಿಯ ಹತ್ತಿರ ನನಗೆಂದೇ ಒಂದು ಸೋಪು, ಹರಕು ಟವೆಲ್ಲು ಇಟ್ಟಳು. ಒಂದು ಶನಿವಾರ ಚೀಲವೊಂದನ್ನು ತಂದು ಕೊಟ್ಟಳು. ಭಾವನ ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ, ತಳಕ್ಕೆ ಎರಡು ಪದರ ಹಾಕಿ, ಬಾಯಿಗೆ ಲಾಡಿ ಪೋಣಿಸಿ, ಆ ಕತ್ತಿನ ಅಳತೆಗೇ ಹೊಲಿದದ್ದು. "ಇದರಲ್ಲಿ ಹಾಕಿ ಗಾಡಿಯ ಡಿಕ್ಕೀಲೇ ಇಟ್ಟಿರು. ಸೀಟು ಕೊಳೆಯಾಗಲ್ಲ, ಮರೆತೂ ಹೋಗಲ್ಲ" ಎಂದಳು. ಭಾವ ಅದನ್ನು ನೋಡಿ, "ನನ್ನ ಒಂದು ಕಾಲು ಈಗ ನಿನ್ನ ಗಾಡೀಲಿ ಖಾಯಂ" ಎಂದರು.

ಹೀಗಿರುವಾಗ ಸಂತೆಯ ದಾರಿಯಲ್ಲಿದ್ದ ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕಿಯೊಬ್ಬಳು ಅಕ್ಕನ ಕೈಕೆಲಸ ನೋಡಿದಳು. ಅಲ್ಲಿ ನೂರಿಪ್ಪತ್ತು ಕತ್ತರಿಗಳಿದ್ದವು. ಅವುಗಳನ್ನು ಹೊರಗೆ ಕಳಿಸುವಂತಿಲ್ಲ, ಕಾರ್ಖಾನೆಯ ಅಂಗಳದಲ್ಲೇ ಸಾಣೆ ಹಿಡಿಯಬೇಕು. ಪ್ರತಿ ಶನಿವಾರ ಎಂಟಕ್ಕೆ, ಕೆಲಸದವರು ಬರುವ ಮೊದಲು. ಮೊದಲ ಶನಿವಾರ ಪರೀಕ್ಷೆ. ಒಪ್ಪಿಗೆಯಾದರೆ ಮೂರು ವರ್ಷದ ಕರಾರು. ಎಂಟು ದಾಟಿದರೆ ಗೇಟು ತೆಗೆಯುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು.

ಅಕ್ಕನಿಗೆ ಅದು ಸಣ್ಣ ಮಾತಾಗಿರಲಿಲ್ಲ. ಮಳೆ ಬಂದ ಶನಿವಾರ ಸಂತೆಯಲ್ಲಿ ಹತ್ತು ಚಾಕು ಬಂದರೆ ಹೆಚ್ಚು. ಭಾವನ ಕೈಗೆ ಔಷಧಿ ತಿಂಗಳು ತಪ್ಪಿಸುವಂತಿರಲಿಲ್ಲ. "ಇದೊಂದು ಕೈಗೆ ಹತ್ತಿದರೆ ಸಾಕು ಕಣೋ, ಆಕಾಶ ನೋಡಿಕೊಂಡು ಕೂರೋದು ತಪ್ಪುತ್ತೆ" ಎಂದು ನನಗೆ ಎರಡು ಸಲ ಹೇಳಿದಳು. ಯಾವುದನ್ನೂ ಎರಡು ಸಲ ಹೇಳುವವಳಲ್ಲ ಅವಳು.

ಆ ಶನಿವಾರದ ಹಿಂದಿನ ದಿನ, ಶುಕ್ರವಾರ, ವ್ಯಾಪಾರಿಗಳ ಸಂಘದ ಸಭೆ ಇತ್ತು. ಸಂಘದ ಅಧ್ಯಕ್ಷರೂ ಇನ್ನಿಬ್ಬರೂ ನನ್ನ ಗಾಡಿಯಲ್ಲೇ ಬರುವುದೆಂದಾಯಿತು. ಅವರ ಪೆಟ್ಟಿಗೆಗಳನ್ನಿಡಲು ಡಿಕ್ಕಿ ತೆರೆದೆ. ಭಾವನ ಪ್ಯಾಂಟಿನ ಕಾಲು ಗ್ರೀಸಿನ ಕಲೆಯೊಂದಿಗೆ ಅಲ್ಲಿ ಮಲಗಿತ್ತು. ವಾಸನೆಯೂ ಇತ್ತು. ಅದನ್ನು ಎತ್ತಿ ಅಂಗಡಿಯ ಒಳಗಿನ ಕಪಾಟಿನಲ್ಲಿ, ಬಣ್ಣದ ಡಬ್ಬಗಳ ಹಿಂದೆ ಇಟ್ಟೆ. ಸಂಜೆ ಬಂದು ವಾಪಸ್ ಇಟ್ಟರಾಯಿತು ಎಂದುಕೊಂಡೆ. ಸಭೆಯಲ್ಲಿ ಅಧ್ಯಕ್ಷರು ನನ್ನ ಗಾಡಿಯನ್ನು ಹೊಗಳಿದರು. ಆ ಖುಷಿಯಲ್ಲಿ ನೇರ ಮನೆಗೆ ಹೋದೆ.

ಶನಿವಾರ ಏಳಕ್ಕೆ ಐದು ನಿಮಿಷವಿರುವಾಗ ಅಕ್ಕನ ಅಂಗಳಕ್ಕೆ ಬಂದೆ. ಅವಳು ಟ್ರೇಲರನ್ನು ತೊಳೆದಿದ್ದಳು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಡಿಕ್ಕಿ ತೆರೆದವನು ಹಾಗೇ ನಿಂತುಬಿಟ್ಟೆ.

"ಏನಾಯ್ತೋ?" ಎಂದಳು ಅಕ್ಕ.

"ಚೀಲ... ಅಂಗಡೀಲಿ ಉಳೀತು."

"ಯಾವ ಚೀಲ? ನಾನು ಹೊಲಿದಿದ್ದಾ? ಅದು ಇದರಲ್ಲೇ ಇರ್ತಿತ್ತಲ್ಲ. ಯಾಕೆ ತೆಗೆದೆ?"

ಸುಳ್ಳು ಹೇಳಬಹುದಿತ್ತು. ಅಂಗಡಿಯವನಿಗೆ ನಾಲಿಗೆ ತುದಿಯಲ್ಲೇ ನಾಲ್ಕು ಸುಳ್ಳು ಇರುತ್ತವೆ. ಆ ಹೊತ್ತಿಗೆ ಒಂದೂ ಬರಲಿಲ್ಲ.

"ಜನ ಹತ್ತೋರಿದ್ರು ಅಕ್ಕ. ಸಂಘದವರು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಗಾಡಿಯ ಹಿಂಭಾಗ ನೋಡಿದಳು. ಅಲ್ಲಿ ಚೌಕ ಕೊಳವೆಯ ಬಾಯಿ ಮಾತ್ರ ಇತ್ತು, ಅದಕ್ಕೂ ನಾನೊಂದು ಕರಿಯ ಮುಚ್ಚಳ ಹಾಕಿಸಿದ್ದೆ. ಅವಳಿಗೆ ಎಲ್ಲ ಅರ್ಥವಾಯಿತು. ಹದಿನಾಲ್ಕು ತಿಂಗಳು ಆರಿಹೋದ ಚಹಾ ಕೂಡ ಅರ್ಥವಾಯಿತು. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಹೋಗಿ ತಂದುಬಿಡ್ತೀನಿ" ಎಂದೆ.

"ಹೋಗೋಕೆ ನಲವತ್ತು ನಿಮಿಷ, ಬರೋಕೆ ನಲವತ್ತು. ಇಲ್ಲಿಂದ ಅಲ್ಲಿಗೆ ಅರ್ಧ ಗಂಟೆ" ಎಂದರು ಭಾವ. ತಮಾಷೆ ಮಾಡಲಿಲ್ಲ. ಅವರು ತಮಾಷೆ ಮಾಡದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಅಕ್ಕ ಅಷ್ಟರಲ್ಲಿ ಬೀದಿಗೆ ಹೋಗಿಯಾಗಿತ್ತು. ಎರಡು ಮನೆ ಆಚೆ ಹಾಲು ಹಾಕುವವನೊಬ್ಬ ತನ್ನ ಗಾಡಿ ತೊಳೆಯುತ್ತಿದ್ದ. ಮೂವತ್ತರ ಆಸುಪಾಸಿನವನು. ಗಾಡಿಗೆ ಬಣ್ಣವೆಂಬುದು ಯಾವ ಕಾಲದಲ್ಲೋ ಇತ್ತು. ಹಿಂದೆ ತುಕ್ಕು ಹಿಡಿದ ಖಾಯಂ ಹಿಚ್, ಯಾರ ಕಾಲಿಗೂ ಬಡಿಯದಿರಲಿ ಎಂದು ಗುಂಡಿನ ಮೇಲೆ ಮಕ್ಕಳ ರಬ್ಬರ್ ಚೆಂಡೊಂದನ್ನು ಅರ್ಧ ಕೊಯ್ದು ಟೋಪಿ ಹಾಕಿದ್ದ.

"ತಮ್ಮಾ, ಎಂಟರೊಳಗೆ ಕಾರ್ಖಾನೆ ಗೇಟಿಗೆ ಮುಟ್ಟಿಸ್ತೀಯಾ?" ಎಂದು ಅಕ್ಕ ಕೇಳುವುದು ನನಗೆ ಕೇಳಿಸಿತು.

"ಅದಕ್ಕೇನಕ್ಕಾ, ಬಂದೆ."

ನಾಲ್ಕು ನಿಮಿಷವೂ ಆಗಲಿಲ್ಲ. ಅವನು ಚೆಂಡಿನ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡ. ಟ್ರೇಲರು ಟಕ್ ಎಂದು ಕೂತಿತು. ಅಕ್ಕ ಹಿಂದೆ ನಿಂತು ಕೂಗಿದಳು: "ಎಡ! ಹಾಂ. ಬಲ! ಹಾಂ. ಬ್ರೇಕ್!" ಅವನ ಗಾಡಿಯಲ್ಲಿ ಮುಂದೆ ಇಬ್ಬರಿಗೆ ಮಾತ್ರ ಜಾಗ. ಭಾವನನ್ನು ಹತ್ತಿಸಿ ತಾನು ಒತ್ತಿಕೊಂಡು ಕೂತಳು. ಹೊರಡುವಾಗ ಕಿಟಕಿಯಿಂದ ತಲೆ ಹೊರಹಾಕಿ, "ಚಹಾ ಒಲೆ ಮೇಲಿದೆ, ಕುಡಿದು ಹೋಗು" ಎಂದಳು.

ಎಂಟಕ್ಕೆ ಏಳು ನಿಮಿಷವಿರುವಾಗಲೇ ಅವರು ಗೇಟಿನಲ್ಲಿದ್ದರಂತೆ. ಕರಾರು ಸಿಕ್ಕಿತು. ಅವಳಿಗಾಗಿ ನನಗೆ ಸಂತೋಷವಾಯಿತು, ಅದು ನಿಜ. ಆದರೆ ಮುಂದಿನ ಗುರುವಾರ ಫೋನು ಬಂತು.

"ಈ ವಾರದಿಂದ ಹಾಲಿನವನೇ ಎಳೀತಾನೆ ಕಣೋ. ಬಾಡಿಗೆ ಅಂತ ಮಾತಾಡಿದ್ದೀವಿ. ನಿನಗ್ಯಾಕೆ ತೊಂದರೆ."

"ತೊಂದರೆ ಏನಕ್ಕಾ..."

"ಅವನದು ಯಾವಾಗಲೂ ಹಾಕೇ ಇರುತ್ತೆ" ಎಂದಳು. ಸಿಟ್ಟಿಲ್ಲದೆ, ಚಾಕುವಿನ ಅಲಗನ್ನು ಬೆಳಕಿಗೆ ಹಿಡಿದು ನೋಡಿ ಹೇಳುವ ಹಾಗೆ ಹೇಳಿದಳು.

ಎರಡು ವಾರ ತಡೆದೆ. ಮೂರನೆಯ ವಾರ ಗ್ಯಾರೇಜಿಗೆ ಹೋಗಿ ಖಾಯಂ ಹಿಚ್ ಹಾಕಿಸಿದೆ. ಗ್ಯಾರೇಜಿನವನು "ನಾನು ಹೇಳಿದ್ದೆನಲ್ಲ" ಎನ್ನಲಿಲ್ಲ, ಹಳೆಯದನ್ನು ಏನು ಮಾಡಲಿ ಎಂದಷ್ಟೇ ಕೇಳಿದ. ಅಲ್ಲೇ ಬಿಟ್ಟೆ. ಚೀಲವನ್ನು ಮಾತ್ರ ಮನೆಗೆ ತಂದೆ. ಈ ಸಲ ಚೌಕಾಸಿಯನ್ನೂ ಮಾಡಲಿಲ್ಲ.

ಮಂಗಳವಾರ ಅಕ್ಕನ ಮನೆಗೆ ಹೋದೆ. ಭಾವ ಹಿಂದಿನಿಂದ ಬಂದವರು ಗುಂಡಿಗೆ ಮೊಣಕಾಲ ಕೆಳಗೆ ಬಡಿಸಿಕೊಂಡು ಕುಂಟುತ್ತಾ ಕೂತರು.

"ಅಯ್ಯಯ್ಯೋ! ನೀನು ಹೇಳ್ತಿದ್ದಿದ್ದು ನಿಜಾನೇ ಕಣಯ್ಯಾ ಸಾಹುಕಾರ, ಬಡೀತದೆ!"

ಅಕ್ಕ ಸೋಪಿನ ಕೈಯಲ್ಲೇ ಹೊರಬಂದಳು. ಗುಂಡನ್ನು ನೋಡಿದಳು. ಬೆರಳಿನಿಂದ ಮುಟ್ಟಿದಳು. ಗ್ರೀಸೂ ಹತ್ತಲಿಲ್ಲ, ಅಷ್ಟು ಹೊಸದು.

"ಚೆನ್ನಾಗಿದೆ" ಎಂದಳು.

"ಶನಿವಾರ ಬರ್ಲಾ ಅಕ್ಕ?"

ಅವಳು ಕೈಯನ್ನು ನಿಧಾನವಾಗಿ ಒರೆಸಿಕೊಂಡಳು. "ಅವನಿಗೆ ಮಾತು ಕೊಟ್ಟಾಗಿದೆ ಕಣೋ. ಆ ಬಾಡಿಗೆ ನಂಬಿಕೊಂಡು ಮಗಳನ್ನ ಒಳ್ಳೇ ಶಾಲೆಗೆ ಸೇರಿಸಿದ್ದಾನೆ. ಈಗ ಬೇಡ ಅಂತ ಹೇಗನ್ನಲಿ? ನೀನು ಭಾನುವಾರ ಬಾ. ಊಟಕ್ಕೆ ಬಾ. ಹೆಂಡ್ತೀನೂ ಕರ್ಕೊಂಡು ಬಾ."

ಅವಳು ಹೇಳಿದ್ದು ನ್ಯಾಯ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಭಾನುವಾರಗಳಂದು ಹೋಗುತ್ತೇವೆ. ನಡುಮನೆಯಲ್ಲಿ ಕೂರಿಸುತ್ತಾರೆ. ಚಹಾ ಹೂವಿನ ಚಿತ್ರದ ಕಪ್ಪಿನಲ್ಲಿ, ಸಾಸರಿನ ಮೇಲೆ ಬರುತ್ತದೆ. ಭಾವ ಇಸ್ತ್ರಿ ಅಂಗಿ ಹಾಕಿಕೊಂಡಿರುತ್ತಾರೆ. ಕಾರ್ಖಾನೆಯ ಸುದ್ದಿ ಹೇಳುತ್ತಾರೆ, ನಾವು ಕೇಳುತ್ತೇವೆ. ಒಮ್ಮೆ ಕೈ ತೊಳೆಯಲು ಅಂಗಳದ ನಲ್ಲಿಗೆ ಹೋದೆ. ನನ್ನ ಸೋಪಿನ ಜಾಗದಲ್ಲಿ ಹೊಸ ಸೋಪಿತ್ತು. ಹರಕು ಟವೆಲ್ಲು ಅದೇ. ಅದಕ್ಕೆ ಬೇರೆಯವರ ಕೈಯ ಗ್ರೀಸು ಹತ್ತಿತ್ತು. ಪಕ್ಕದ ಮೊಳೆಗೆ ಅರ್ಧ ಚೆಂಡು ತೂಗುತ್ತಿತ್ತು.

ನನ್ನ ಗಾಡಿಯ ಹಿಂದೆ ಆ ಗುಂಡು ಇನ್ನೂ ಇದೆ. ಏನನ್ನೂ ಎಳೆದಿಲ್ಲ. ಹೆಂಡತಿ ಎರಡು ಸಲ, ನಾನು ಲೆಕ್ಕವಿಲ್ಲದಷ್ಟು ಸಲ ಕಾಲು ಬಡಿಸಿಕೊಂಡಿದ್ದೇವೆ. ತೆಗೆಸಿಬಿಡಿ ಎಂದು ಅವಳು ಹೇಳುತ್ತಾಳೆ. ತೆಗೆಸುವುದಿಲ್ಲ. ಹಾಲಿನ ಗಾಡಿ ಹಳೆಯದು, ಒಂದು ದಿನ ಕೈಕೊಡಬಹುದು ಎಂಬ ಆಸೆ ಮನಸ್ಸಿನ ಮೂಲೆಯಲ್ಲಿದೆ. ಅಂಥ ಆಸೆ ಇಟ್ಟುಕೊಳ್ಳಬಾರದು ಎಂದೂ ಗೊತ್ತಿದೆ, ಅವನೂ ಒಳ್ಳೆಯವನೇ.

ಅಕ್ಕನಿಗೆ ಕರಾರು ಸಿಕ್ಕಿತು, ಹಾಲಿನವನ ಮಗಳಿಗೆ ಶಾಲೆ ಸಿಕ್ಕಿತು. ನಾನು ಏಳೂವರೆ ಸಾವಿರ ಹೆಚ್ಚು ಕೊಟ್ಟು ಹದಿನಾಲ್ಕು ತಿಂಗಳು ನೋಡಲು ಚೆಂದವಿದ್ದ ಬಂಪರನ್ನು ಗಳಿಸಿದೆ. ಕಳೆದುಕೊಂಡದ್ದು ಶನಿವಾರ ಬೆಳಿಗ್ಗೆ ಅಕ್ಕ ನನ್ನ ಗಾಡಿಯ ಹಿಂದೆ ನಿಂತು ಎಡ, ಬಲ ಎಂದು ಕೂಗುತ್ತಿದ್ದುದನ್ನು.